ಬ್ರೆಡ್ ಮೇಲೆ ಕೈಮಾ: ಮನೆಯಲ್ಲೇ ಮಾಡುವ ತೆರೆದ ಸ್ಯಾಂಡ್‌ವಿಚ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಭಾನುವಾರದ ರಾತ್ರಿ ಮುದ್ದೆ ಸಾರಿನ ಬದಲು ಈ ತಿನಿಸು ಆಗುತ್ತದೆ. ಉಂಡು ಹೋದ ನೆಂಟರು ತಮ್ಮ ಮನೆಯಲ್ಲಿ ಮಾಡಲು ಹೊರಟಾಗ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಅವುಗಳಲ್ಲಿ ಬಹುಪಾಲು ಎಲ್ಲೆಲ್ಲೋ ಸುತ್ತಿ ಕಡೆಗೆ ನೀರಿನ ವಿಷಯಕ್ಕೇ ಬಂದು ನಿಲ್ಲುತ್ತವೆ: ಕೈಮಾದಲ್ಲಿ ಎಷ್ಟು ರಸ ಉಳಿಯಬೇಕು, ಬ್ರೆಡ್ ಎಷ್ಟನ್ನು ಹೊರಬಲ್ಲದು. ಬಾಯಿಮಾತಿನಲ್ಲಿ ಕೊಟ್ಟ ಉತ್ತರಗಳನ್ನು ಅಳತೆ, ಹೊತ್ತು ಮತ್ತು ಕಾರಣಗಳೊಡನೆ ಇಲ್ಲಿ ಬರೆದಿದ್ದೇನೆ.

ಮೇಲೆ ಇನ್ನೊಂದು ಬ್ರೆಡ್ ಇಲ್ಲದಿದ್ದರೆ ಅದನ್ನು ಸ್ಯಾಂಡ್‌ವಿಚ್ ಎನ್ನಬಹುದೇ?

ಎನ್ನಬಹುದು. ನಮ್ಮ ಊರುಗಳ ಅಯ್ಯಂಗಾರ್ ಬೇಕರಿಗಳಲ್ಲಿ ಕಾವಲಿಯ ಮೇಲೆ ಬ್ರೆಡ್ ಸುಟ್ಟು, ಅದರ ಮೇಲೆ ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿಯ ಖಾರದ ಪಲ್ಯವನ್ನು ಹರಡಿ ಕೊಡುವ ಟೋಸ್ಟ್ ತೆರೆದ ಸ್ಯಾಂಡ್‌ವಿಚ್ ಅಲ್ಲದೆ ಮತ್ತೇನು? ಹೆಸರು ಗೊತ್ತಿಲ್ಲದೆಯೇ ನಾವು ಅದನ್ನು ಕಾಗದದ ತುಂಡಿನಲ್ಲಿ ಹಿಡಿದು ನಿಂತಲ್ಲೇ ತಿನ್ನುತ್ತ ಬಂದಿದ್ದೇವೆ. ಡೆನ್ಮಾರ್ಕಿನವರು ರೈ ಎಂಬ ಧಾನ್ಯದ ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಮೀನು, ಮೊಟ್ಟೆ, ಮಾಂಸಗಳನ್ನು ಜೋಡಿಸಿ ಮಾಡುವ ಸ್ಮೊರೆಬ್ರೊ ಈ ವರ್ಗದ ಹೆಸರಾಂತ ತಿನಿಸು. ಮಧ್ಯಯುಗದ ಯುರೋಪಿನಲ್ಲಿ ಒಣಗಿದ ದಪ್ಪ ಬ್ರೆಡ್ಡಿನ ಹೋಳನ್ನೇ ತಟ್ಟೆಯಾಗಿ ಇಟ್ಟು ಅದರ ಮೇಲೆ ಮಾಂಸ ಬಡಿಸುವ ರೂಢಿಯಿತ್ತು. ನಾವು ಮುತ್ತುಗದ ಎಲೆಯಲ್ಲಿ ಉಂಡಂತೆ, ಆದರೆ ಅವರ ಎಲೆಯನ್ನು ಕೊನೆಗೆ ತಿನ್ನಬಹುದಾಗಿತ್ತು. ಅಮೆರಿಕ, ಇಂಗ್ಲೆಂಡುಗಳಲ್ಲಿ ದನದ ಮಾಂಸದ ಕೈಮಾವನ್ನು ಗಟ್ಟಿ ಗೊಜ್ಜಿನಂತೆ ಬೇಯಿಸಿ ಸುಟ್ಟ ಬ್ರೆಡ್ಡಿನ ಮೇಲೆ ಸುರಿದು ಫೋರ್ಕಿನಲ್ಲಿ ತಿನ್ನುವುದು ಮನೆಯೂಟದ ಪದ್ಧತಿ. ಈ ಪುಟದಲ್ಲಿ ಹೇಳುತ್ತಿರುವುದು ಆ ಬಗೆಯದು. ಸಂಜೆಯ ಕುರುಕಲಲ್ಲ, ಹೊಟ್ಟೆ ತುಂಬುವ ಊಟ.

ಮೂಲದಲ್ಲಿ ದನದ ಮಾಂಸವಿದ್ದರೆ, ಇಲ್ಲಿ ಯಾವ ಮಾಂಸ ಬಳಸಬೇಕು?

ನಮ್ಮ ಜಿಲ್ಲೆಗಳಲ್ಲಿ ಇದನ್ನು ಕುರಿ ಅಥವಾ ಮೇಕೆಯ ಮಾಂಸದಲ್ಲಿ ಮಾಡುವುದು ಸಹಜ, ನಾನು ಮಾಡುವುದೂ ಹಾಗೆಯೇ. ಕಾನೂನಿನ ವಿಷಯ ಕೇಳುವವರಿಗೆ ಹೇಳುವುದಾದರೆ, 2020ರ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಪ್ರಕಾರ ಹಸು, ಕರು, ಹೋರಿ, ಎತ್ತು ಹಾಗೂ 13 ವರ್ಷಕ್ಕಿಂತ ಕಡಿಮೆ ವಯಸ್ಸಿನ ಎಮ್ಮೆ ಕೋಣಗಳ ವಧೆ ನಿಷಿದ್ಧ. 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ಪ್ರಾಧಿಕಾರದ ಪ್ರಮಾಣಪತ್ರದ ಮೇರೆಗೆ ಅವಕಾಶವಿದೆ. ಆದ್ದರಿಂದ ಹೊರದೇಶದ ಪಾಕವಿಧಾನದಲ್ಲಿ ದನದ ಕೈಮಾ ಎಂದು ಬರೆದಿದ್ದರೆ ಇಲ್ಲಿ ಅದರ ಜಾಗಕ್ಕೆ ಕುರಿ, ಮೇಕೆ, ಕೋಳಿ ಬರುತ್ತವೆ. ಎಮ್ಮೆಯ ಮಾಂಸ ತಿನ್ನುವ ಮನೆಯವರು ಪರವಾನಗಿ ಇರುವ ಅಂಗಡಿಯಿಂದ ತಂದು ಬಳಸುತ್ತಾರೆ.

ಮಾಂಸ ಬದಲಾದಾಗ ಅಡುಗೆಯೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಹೊರದೇಶದ ದನದ ಕೈಮಾ ಹುರಿದ 10 ನಿಮಿಷದಲ್ಲಿ ತಿನ್ನುವ ಹದಕ್ಕೆ ಬರುತ್ತದೆ. ಕುರಿಯ ಕೈಮಾ ಮೆತ್ತಗಾಗಲು ಹುರಿದ ಮೇಲೆ ಇನ್ನೂ 15ರಿಂದ 20 ನಿಮಿಷ ಮುಚ್ಚಿ ಬೇಯಿಸಬೇಕು. ವಯಸ್ಸಾದ ಎಮ್ಮೆಯ ಮಾಂಸದಲ್ಲಿ ಕೊಬ್ಬು ಕಡಿಮೆ, ನಾರು ಒರಟು. ಅದಕ್ಕೆ ಕುಕ್ಕರಿನಲ್ಲಿ ಮೂರು ನಾಲ್ಕು ಕೂಗು ಬೇಕಾಗುತ್ತದೆ ಮತ್ತು ಎಣ್ಣೆಯನ್ನು ಒಂದು ಚಮಚ ಹೆಚ್ಚಿಗೆ ಹಾಕಬೇಕಾಗುತ್ತದೆ. ಕೋಳಿಯ ಕೈಮಾ ಬೇಗ ಬೇಯುತ್ತದೆ, ಆದರೆ ಎದೆಯ ಭಾಗದಿಂದ ಮಾಡಿದ್ದಾದರೆ ಮರದ ಪುಡಿಯಂತೆ ಒಣಗುತ್ತದೆ. ತೊಡೆಯ ಮಾಂಸವನ್ನೇ ಕೇಳಿ ತರಬೇಕು.

ಅಂಗಡಿಯಲ್ಲಿ ಕೈಮಾ ಹೇಗೆ ಕೇಳಿ ತರಬೇಕು?

ಕೈಮಾ ಕೊಡಿ ಎಂದಷ್ಟೇ ಹೇಳಿದರೆ ಅಂಗಡಿಯವರು ತಮಗೆ ತೋಚಿದ್ದನ್ನು ಕೊಡುತ್ತಾರೆ. ಮೊದಲು ಮುಂಗಾಲಿನ ಭುಜದ ಭಾಗವನ್ನೋ ತೊಡೆಯನ್ನೋ ತೋರಿಸಿ, ಮೂಳೆ ಬಿಡಿಸಿ, ತೂಕ ಮಾಡಿಸಿ, ಆಮೇಲೆ ಕಣ್ಣೆದುರಿಗೆ ಯಂತ್ರಕ್ಕೆ ಹಾಕಿಸಬೇಕು. ಐದು ಪಾಲಿನಲ್ಲಿ ಒಂದು ಪಾಲು ಕೊಬ್ಬಿರಲಿ; ಕೊಬ್ಬನ್ನೆಲ್ಲ ತೆಗೆಸಿದ ಕೈಮಾ ಬ್ರೆಡ್ಡಿನ ಮೇಲೆ ನಿಲ್ಲದೆ ಮರಳಿನಂತೆ ಉದುರುತ್ತದೆ. ಯಂತ್ರದಲ್ಲಿ ಒಂದೇ ಸಲ ಅರೆಸಿದರೆ ಸಾಕು. ಎರಡು ಸಲ ಅರೆದದ್ದು ಕೈಮಾ ಉಂಡೆಗೆ ಒಳ್ಳೆಯದು, ಏಕೆಂದರೆ ಉಂಡೆ ಒಡೆಯದೆ ಕೂಡಿಕೊಳ್ಳಬೇಕು. ನಮಗೆ ಬೇಕಾಗಿರುವುದು ಬಾಯಿಗೆ ಸಿಗುವ ಕಾಳುಕಾಳಾದ ಕೈಮಾ.

ಒಮ್ಮೆ ಆತುರದಲ್ಲಿ, ಮೊದಲೇ ಅರೆದು ತಟ್ಟೆಯಲ್ಲಿಟ್ಟಿದ್ದ ಕೈಮಾವನ್ನು ತಂದು ಮಾಡಿದಾಗ ಮನೆಯ ಹಿರಿಯರೊಬ್ಬರ ಹಲ್ಲಿಗೆ ಮೂಳೆಯ ಚೂರು ಸಿಕ್ಕಿತು. ಅಂದಿನಿಂದ, ಅಂಗಡಿಯ ಮುಂದೆ ಎಷ್ಟೇ ಜನವಿದ್ದರೂ ಕಾದು ನಿಂತು ಅರೆಸಿ ತರುತ್ತೇನೆ.

ಹಳ್ಳಿಗಳಲ್ಲಿ ನಾಲ್ಕಾರು ಮನೆಯವರು ಸೇರಿ ಒಂದು ಕುರಿ ಕಡಿಸಿ ಹಂಚಿಕೊಳ್ಳುವ ಗುಡ್ಡೆ ಬಾಡು ಸಿಗುವವರಿಗೆ ಯಂತ್ರವೇ ಬೇಡ. ಗುಡ್ಡೆಯಲ್ಲಿ ಬಂದ ಮೆತ್ತನೆಯ ಮಾಂಸವನ್ನು ಆರಿಸಿಕೊಂಡು, ಮರದ ಹಲಗೆಯ ಮೇಲೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಸಣ್ಣಗೆ ಕೊಚ್ಚಿದರೆ ಯಂತ್ರದ ಕೈಮಾಕ್ಕಿಂತ ಉತ್ತಮವಾದದ್ದು ಸಿಗುತ್ತದೆ. ಅರ್ಧ ಕಿಲೋ ಕೊಚ್ಚಲು ಕಾಲು ಗಂಟೆ ಹಿಡಿಯುತ್ತದೆ, ತೋಳು ನೋಯುತ್ತದೆ.

ಕೈಮಾವನ್ನು ತೊಳೆಯಬೇಕೇ?

ಬೇಡ. ತೊಳೆಯಲೇಬೇಕೆಂಬ ಮನಸ್ಸಿದ್ದವರು ಅರೆಸುವ ಮೊದಲು ಇಡೀ ತುಂಡನ್ನು ತೊಳೆದು ಒರೆಸಿಕೊಳ್ಳಲಿ. ಅರೆದ ಮಾಂಸ ತೊಳೆದ ನೀರನ್ನು ಹತ್ತಿಯಂತೆ ಹಿಡಿದಿಟ್ಟುಕೊಂಡು ಬಾಣಲೆಯಲ್ಲಿ ಬಿಡುತ್ತದೆ. ರುಚಿಯ ರಸ ಮಾತ್ರ ತೊಟ್ಟಿಯ ಪಾಲಾಗಿರುತ್ತದೆ.

ನಾಲ್ಕು ಜನರಿಗೆ ಏನೇನು, ಎಷ್ಟೆಷ್ಟು ಬೇಕು?

ಕೈಮಾ ಅರ್ಧ ಕಿಲೋ, ದಪ್ಪ ಬ್ರೆಡ್ಡಿನ ಎಂಟು ಹೋಳು, ಮಧ್ಯಮ ಗಾತ್ರದ ಎರಡು ಈರುಳ್ಳಿ, ಎರಡು ಟೊಮೆಟೊ, ಎರಡು ಹಸಿಮೆಣಸಿನಕಾಯಿ, ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಒಂದು ಚಿಕ್ಕ ಚಮಚ ಅಚ್ಚಖಾರದ ಪುಡಿ, ಎರಡು ಚಿಕ್ಕ ಚಮಚ ಧನಿಯಾ ಪುಡಿ, ಕಾಲು ಚಮಚ ಅರಿಶಿನ, ಅರ್ಧ ಚಮಚ ಕುಟ್ಟಿದ ಮೆಣಸು, ಎರಡು ಲವಂಗ ಮತ್ತು ಬೆರಳಿನ ಗೆಣ್ಣುದ್ದದ ಚಕ್ಕೆಯ ಪುಡಿ, ಒಂದೂವರೆ ದೊಡ್ಡ ಚಮಚ ಹುರಿಗಡಲೆ ಹಿಟ್ಟು, ಒಂದು ದೊಡ್ಡ ಚಮಚ ಎಣ್ಣೆ, ಬ್ರೆಡ್ಡಿಗೆ ಸವರಲು ಎರಡು ದೊಡ್ಡ ಚಮಚ ಬೆಣ್ಣೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು ಮತ್ತು ಉಪ್ಪು. ಹಸಿ ಕೈಮಾ ಬೇಯುವಾಗ ನೀರು ಮತ್ತು ಕೊಬ್ಬು ಇಳಿದು ತೂಕದಲ್ಲಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಈರುಳ್ಳಿ ಟೊಮೆಟೊ ಸೇರಿದ ಮೇಲೆ ಹೋಳೊಂದಕ್ಕೆ ತುಂಬಿದ ಮೂರು ದೊಡ್ಡ ಚಮಚ ಬರುತ್ತದೆ. ದೊಡ್ಡವರಿಗೆ ಎರಡು ಹೋಳು ಸಾಕು; ಹೊಲದ ಕೆಲಸ ಮುಗಿಸಿ ಬಂದವರಿದ್ದರೆ ಮೂರು ಎಂದು ಲೆಕ್ಕ ಹಾಕಿ.

ಮಾಡುವ ಕ್ರಮವೇನು?

ಅಗಲವಾದ ಕಬ್ಬಿಣದ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕಿ, ಕೈಮಾವನ್ನು ತೆಳುವಾಗಿ ಹರಡಿ ಮೂರು ನಿಮಿಷ ಸಟ್ಟುಗ ತಾಗಿಸದೆ ಬಿಡಬೇಕು. ಕೆಳಭಾಗ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮಗುಚಿ, ಗಂಟುಗಳನ್ನು ಒಡೆದು, ಬಿಟ್ಟ ನೀರೆಲ್ಲ ಇಂಗಿ ಕೊಬ್ಬು ಚರಚರ ಎನ್ನುವವರೆಗೆ ಇನ್ನೂ ಐದಾರು ನಿಮಿಷ ಹುರಿದು ತಟ್ಟೆಗೆ ತೆಗೆದುಕೊಳ್ಳಬೇಕು. ಉಳಿದ ಜಿಡ್ಡಿನಲ್ಲೇ ಸಣ್ಣಗೆ ಹೆಚ್ಚಿದ ಈರುಳ್ಳಿ ಮತ್ತು ಹಸಿಮೆಣಸಿನಕಾಯಿಯನ್ನು ಹೊಂಬಣ್ಣಕ್ಕೆ ಹುರಿದು, ಶುಂಠಿ ಬೆಳ್ಳುಳ್ಳಿ ಹಾಕಿ ಹಸಿವಾಸನೆ ಹೋಗಿಸಿ, ಟೊಮೆಟೊ ಮತ್ತು ಉಪ್ಪು ಸೇರಿಸಿ, ಟೊಮೆಟೊ ಕರಗಿ ಎಣ್ಣೆ ಅಂಚಿಗೆ ಬರುವವರೆಗೆ ಕಾಯಬೇಕು. ಈಗ ಅರಿಶಿನ, ಖಾರದ ಪುಡಿ, ಧನಿಯಾ ಪುಡಿ ಹಾಕಿ ಅರ್ಧ ನಿಮಿಷ ಕೈಯಾಡಿಸಿ, ಹುರಿದಿಟ್ಟ ಕೈಮಾ ಮತ್ತು ಅರ್ಧ ಬಟ್ಟಲು ಬಿಸಿನೀರು ಸೇರಿಸಿ, ಸಣ್ಣ ಉರಿಯಲ್ಲಿ ಮುಚ್ಚಿ 15ರಿಂದ 20 ನಿಮಿಷ ಬೇಯಿಸಬೇಕು.

ಕೊನೆಗೆ ಮುಚ್ಚಳ ತೆಗೆದು, ಹುರಿಗಡಲೆ ಹಿಟ್ಟನ್ನು ಉದುರಿಸುತ್ತ ಕೆದಕಿ, ಎರಡು ನಿಮಿಷ ಬಿಟ್ಟು, ಮೆಣಸು, ಚಕ್ಕೆ ಲವಂಗದ ಪುಡಿ, ಕೊತ್ತಂಬರಿ ಸೊಪ್ಪು, ನಿಂಬೆರಸ ಬೆರೆಸಿ ಇಳಿಸಬೇಕು. ಹದ ನೋಡುವ ಬಗೆ ಇಷ್ಟೇ: ಬಾಣಲೆಯ ನಡುವೆ ಸಟ್ಟುಗದಿಂದ ಒಂದು ಗೆರೆ ಎಳೆದರೆ, ಮೂರು ಎಣಿಸುವವರೆಗೆ ಆ ಗೆರೆ ಮುಚ್ಚಿಕೊಳ್ಳಬಾರದು. ಕೂಡಲೇ ರಸ ಹರಿದು ಮುಚ್ಚಿಕೊಂಡರೆ ಅದು ಚಪಾತಿಗೆ ನೆಂಚಿಕೊಳ್ಳುವ ಗೊಜ್ಜು, ಬ್ರೆಡ್ಡಿನ ಮೇಲೆ ಹಾಕುವುದಲ್ಲ. ಮುಚ್ಚಿಕೊಳ್ಳದೆ ಹಾಗೆಯೇ ಒಣಗಿ ನಿಂತರೆ ಎರಡು ಚಮಚ ಬಿಸಿನೀರು ಚಿಮುಕಿಸಬೇಕು.

ಕೈಮಾ ನೀರು ಬಿಟ್ಟುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ, ಹುರಿದ ಬಣ್ಣ ಬರುವುದಿಲ್ಲ. ಏಕೆ?

ನೀರಿರುವ ತನಕ ಬಾಣಲೆಯ ತಳ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಏಕೆಂದರೆ ಉರಿಯ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಮಾಂಸಕ್ಕೆ ಹುರಿದ ಬಣ್ಣ ಮತ್ತು ಘಮ ಬರುವುದು ಅದರ ಪ್ರೋಟೀನಿನ ಅಂಶಗಳು ಸಕ್ಕರೆಯ ಅಂಶಗಳೊಡನೆ ಬೆರೆತು ಹೊಸ ಪದಾರ್ಥಗಳಾದಾಗ. ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿ ಬೇಕು. ಅಂದರೆ ನೀರು ಹೋದ ಮೇಲೆಯೇ ಬಣ್ಣ.

ಇದಕ್ಕೆ ಅಡ್ಡಿಯಾಗುವ ತಪ್ಪುಗಳು ಸಾಮಾನ್ಯವಾಗಿ ನಾಲ್ಕು. ಫ್ರಿಜ್ಜಿನಿಂದ ತೆಗೆದ ಕೈಮಾವನ್ನು ಹಾಗೆಯೇ ಸುರಿಯುವುದು, ಚಿಕ್ಕ ಪಾತ್ರೆಯಲ್ಲಿ ಒಂದು ಕಿಲೋ ತುಂಬುವುದು, ಮೊದಲೇ ಉಪ್ಪು ಹಾಕಿ ಇಡುವುದು ಮತ್ತು ಸುಮ್ಮನಿರಲಾರದೆ ಕೆದಕುತ್ತಲೇ ಇರುವುದು. ಕೊನೆಯದು ನನ್ನ ದೌರ್ಬಲ್ಯವೂ ಹೌದು; ಆ ಮೂರು ನಿಮಿಷ ಕೈಗೆ ಕೆಲಸವಿರಲೆಂದು ಈಗ ಕೊತ್ತಂಬರಿ ಸೊಪ್ಪು ಬಿಡಿಸಲು ಕೂರುತ್ತೇನೆ. ಒಂದು ಕಿಲೋ ಮಾಡಬೇಕಾದರೆ ಎರಡು ಸರದಿಯಲ್ಲಿ ಹುರಿಯಿರಿ. ಬಾಣಲೆಯ ತಳಕ್ಕೆ ಹತ್ತಿದ ಕಂದು ಬಣ್ಣದ ಅಂಟನ್ನು ಕೆರೆದು ಬಿಸಾಡಬೇಡಿ. ಟೊಮೆಟೊದ ರಸ ಬಿದ್ದಾಗ ಅದು ತಾನಾಗಿ ಬಿಡುತ್ತದೆ, ಸಾರವೆಲ್ಲ ಅದರಲ್ಲೇ ಇದೆ.

ಬ್ರೆಡ್ ಮೆತ್ತಗಾಗಿ, ಎತ್ತುವಾಗಲೇ ಮುರಿದು ಬೀಳುತ್ತದೆ. ಏನು ಮಾಡಬೇಕು?

ಅತಿ ಹೆಚ್ಚು ಬಾರಿ ಕೇಳಿಬರುವ ಪ್ರಶ್ನೆ ಇದು, ಮತ್ತು ತೆರೆದ ಸ್ಯಾಂಡ್‌ವಿಚ್ಚಿನ ಗುಟ್ಟೆಲ್ಲ ಇರುವುದು ಇಲ್ಲಿಯೇ. ಎರಡು ಬ್ರೆಡ್ಡಿನ ಸ್ಯಾಂಡ್‌ವಿಚ್ಚಿನಲ್ಲಿ ರಸವನ್ನು ಮೇಲಿನದೂ ಕೆಳಗಿನದೂ ಹಂಚಿಕೊಂಡು ಹೀರುತ್ತವೆ, ಕೈಯೂ ಎರಡು ಕಡೆಯಿಂದ ಒತ್ತಿ ಹಿಡಿದಿರುತ್ತದೆ. ಇಲ್ಲಿ ಹೊರೆಯೂ ಹಸಿಯೂ ಒಂದೇ ಹೋಳಿನ ತಲೆಗೆ.

ನಾನು ಮೊದಲ ಸಲ ಮಾಡಿದಾಗ ಎಂಟು ಹೋಳುಗಳ ಮೇಲೂ ಕೈಮಾ ಹರಡಿ, ನೆಂಟರು ಬರಲೆಂದು ಅರ್ಧ ಗಂಟೆ ಮುಚ್ಚಿಟ್ಟೆ. ಅವರು ಬಂದು ಕೂತಾಗ ತಟ್ಟೆಯಲ್ಲಿದ್ದದ್ದು ಮಾಂಸ ಹಾಕಿದ ಬ್ರೆಡ್ ಉಪ್ಪಿಟ್ಟು. ಎಲ್ಲರೂ ಚಮಚ ಕೇಳಿ ಪಡೆದು ಮರ್ಯಾದೆಯಿಂದ ತಿಂದರು.

ಆಮೇಲೆ ಕಲಿತದ್ದು ಹೀಗಿದೆ. ಬೇಕರಿಯಲ್ಲಿ ಕೊಯ್ದು ಕೊಡುವ ತೆಳು ಹೋಳು ಬೇಡ. ಇಡೀ ಬ್ರೆಡ್ಡನ್ನು ಕೊಯ್ಯಿಸದೆ ತಂದು ಮನೆಯಲ್ಲಿ ಹೆಬ್ಬೆರಳಿನ ದಪ್ಪಕ್ಕೆ, ಅಂದರೆ ಎರಡು ಸೆಂಟಿಮೀಟರಿನಷ್ಟು ದಪ್ಪಕ್ಕೆ ಕೊಯ್ಯಬೇಕು. ಹಿಂದಿನ ದಿನದ ಬ್ರೆಡ್ ಅಂದಿನದಕ್ಕಿಂತ ಉತ್ತಮ, ಏಕೆಂದರೆ ಅದರ ತೇವ ಸ್ವಲ್ಪ ಇಳಿದಿರುತ್ತದೆ. ಸುಡುವಾಗ ಕಾವಲಿಯ ಉರಿ ಸಣ್ಣಗಿರಬೇಕು. ದೊಡ್ಡ ಉರಿಯಲ್ಲಿ ಮೇಲ್ಮೈ ಕಪ್ಪಾಗುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಒಂದೊಂದು ಬದಿಗೆ ಮೂರು ನಾಲ್ಕು ನಿಮಿಷ ಕೊಟ್ಟು, ಬೆರಳಿನಿಂದ ತಟ್ಟಿದರೆ ಟಕ್ ಎನ್ನುವಷ್ಟು ಗರಿಯಾಗಿಸಬೇಕು. ಕೈಮಾ ಬೀಳುವ ಬದಿಗೆ ಬಿಸಿಯಿರುವಾಗಲೇ ಅಂಚಿನವರೆಗೂ ಬೆಣ್ಣೆ ಸವರಬೇಕು. ಜಿಡ್ಡಿನ ಪದರ ನೀರನ್ನು ಕೆಲಹೊತ್ತು ತಡೆಯುತ್ತದೆ. ಸುಟ್ಟ ಹೋಳುಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ತಮ್ಮ ಆವಿಯಲ್ಲೇ ನೆನೆದುಬಿಡುತ್ತವೆ, ಆದ್ದರಿಂದ ಜಾಲರಿಯ ಮೇಲೆ ಬಿಡಿಯಾಗಿ ಇಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ತಿನ್ನುವವರು ತಟ್ಟೆಯ ಮುಂದೆ ಕೂತ ಮೇಲೆಯೇ ಕೈಮಾ ಹಾಕಬೇಕು. ಬ್ರೆಡ್ ನೆಂಟರಿಗಾಗಿ ಕಾಯುವುದಿಲ್ಲ, ನೆಂಟರೇ ಬ್ರೆಡ್ಡಿಗಾಗಿ ಕಾಯಬೇಕು.

ಯಾವ ಬ್ರೆಡ್ ಒಳ್ಳೆಯದು? ರಾಗಿ ಬ್ರೆಡ್ ಆಗಬಹುದೇ?

ಸಿಹಿ ಹೆಚ್ಚಿರುವ ಹಾಲಿನ ಬ್ರೆಡ್ ಕೈಮಾದ ಖಾರದೊಡನೆ ಹೊಂದುವುದಿಲ್ಲ, ಬೇಗ ಕುಸಿಯುತ್ತದೆ ಕೂಡ. ಸಾದಾ ಬಿಳಿ ಬ್ರೆಡ್ ಅಥವಾ ಗೋಧಿ ಬ್ರೆಡ್ ಸಾಕು. ರಾಗಿಯ ಮೇಲೆ ನಮ್ಮ ಕಡೆಯವರಿಗೆ ಇರುವ ಅಭಿಮಾನ ನನಗೂ ಇದೆ, ಆದರೆ ರಾಗಿಯಲ್ಲಿ ಗೋಧಿಯ ಅಂಟು ಇಲ್ಲವಾದ್ದರಿಂದ ರಾಗಿ ಹೆಚ್ಚಾದಷ್ಟೂ ಬ್ರೆಡ್ ಪುಡಿಯಾಗುತ್ತದೆ. ಬೇಕರಿಯ ರಾಗಿ ಬ್ರೆಡ್ಡಿನಲ್ಲಿ ಮೈದಾ ಅಥವಾ ಗೋಧಿಯೂ ಇರುವುದರಿಂದ ಅದು ತಕ್ಕಮಟ್ಟಿಗೆ ನಿಲ್ಲುತ್ತದೆ. ಗರಿಯಾಗಿ ಸುಟ್ಟರೆ ಅದರ ಮಣ್ಣಿನಂಥ ಘಮ ಕುರಿಯ ಕೈಮಾಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಅಪ್ಪಟ ರಾಗಿಯೇ ಬೇಕೆನ್ನುವವರು ಬ್ರೆಡ್ಡಿನ ಗೊಡವೆ ಬಿಟ್ಟು, ಈರುಳ್ಳಿ ಹಾಕದ ರಾಗಿ ರೊಟ್ಟಿಯನ್ನು ದಪ್ಪಗೆ ತಟ್ಟಿ ಗರಿಯಾಗಿ ಬೇಯಿಸಿ ಅದರ ಮೇಲೆ ಹಾಕಿಕೊಳ್ಳಲಿ. ಅದನ್ನು ಸ್ಯಾಂಡ್‌ವಿಚ್ ಎಂದು ಕರೆಯಬೇಕೇ ಎಂಬ ಜಗಳಕ್ಕೆ ನಾನು ಬರುವುದಿಲ್ಲ.

ಕೋಲಾರ ಜಿಲ್ಲೆಯವರಿಗೆ ಬ್ರೆಡ್ಡು ಕೈಮಾದ ಜೋಡಿ ಹೊಸತೇನಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿ ಕೆಲಸ ಕೈಗೆತ್ತಿಕೊಂಡ ಮೇಲೆ ಕೆಜಿಎಫ್‌ಗೆ ಬಂದು ನೆಲೆಸಿದ ಇಂಗ್ಲಿಷರು ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳವರ ಊಟದಲ್ಲಿ ಬ್ರೆಡ್ಡಿಗೆ ದೊಡ್ಡ ಸ್ಥಾನವಿತ್ತು. ಗಣಿ 2001ರಲ್ಲಿ ಮುಚ್ಚಿತು. ಆಲೂಗೆಡ್ಡೆ ಹಾಕಿ ಒಣಗಿಸಿ ಮಾಡುವ ಆಂಗ್ಲೋ ಇಂಡಿಯನ್ನರ ಕೈಮಾ ಪಲ್ಯ ಈ ತಿನಿಸಿಗೆ ಹತ್ತಿರದ ನೆಂಟ; ಒಂದು ಆಲೂಗೆಡ್ಡೆಯನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ ಸೇರಿಸಿದರೆ ಅರ್ಧ ಕಿಲೋ ಕೈಮಾ ಆರು ಜನರಿಗೆ ಸಾಕಾಗುತ್ತದೆ, ರಸವನ್ನೂ ಅದು ಹೀರಿಕೊಳ್ಳುತ್ತದೆ.

ನಾಟಿ ಟೊಮೆಟೊ ಬೇಕೇ, ಹೈಬ್ರಿಡ್ ಸಾಕೇ?

ಎರಡಕ್ಕೂ ಬೇರೆಬೇರೆ ಕೆಲಸವಿದೆ. ಕೋಲಾರದ ಎಪಿಎಂಸಿಯಿಂದ 15 ಕಿಲೋ ಬಾಕ್ಸುಗಳಲ್ಲಿ ತುಂಬಿ ಹೊರರಾಜ್ಯಗಳಿಗೆ ಲಾರಿ ಹತ್ತುವ ಹೈಬ್ರಿಡ್ ಹಣ್ಣು ದೂರದ ಪ್ರಯಾಣ ತಾಳಲೆಂದೇ ಬೆಳೆದದ್ದು. ಸಿಪ್ಪೆ ದಪ್ಪ, ತಿರುಳು ಗಟ್ಟಿ, ಹುಳಿ ಕಡಿಮೆ. ನಾಟಿ ಹಣ್ಣಿನಲ್ಲಿ ರಸವೂ ಹುಳಿಯೂ ಹೆಚ್ಚು. ಬೇಯಿಸುವ ಕೈಮಾಕ್ಕೆ ನಾಟಿ ಹಾಕಿ ಎರಡು ನಿಮಿಷ ಹೆಚ್ಚಿಗೆ ಇಂಗಿಸಬೇಕು; ಮೇಲೆ ಹಸಿಯಾಗಿ ಇಡುವ ಬಿಲ್ಲೆಗಳಿಗೆ ಹೈಬ್ರಿಡ್ ಒಳ್ಳೆಯದು, ಅದು ಬ್ರೆಡ್ಡನ್ನು ನೆನೆಸುವುದಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ, ಟೊಮೆಟೊ ಊರಿನಲ್ಲೇ ಇದ್ದುಕೊಂಡು ನಾವು ಎರಡು ಚಮಚ ಗಟ್ಟಿ ಹುಣಸೆ ರಸದಲ್ಲಿ ಕೆಲಸ ಮುಗಿಸಿದೆವು. ರುಚಿ ಕೆಡಲಿಲ್ಲ, ಬಣ್ಣ ಮಾತ್ರ ಕಪ್ಪಾಯಿತು.

ಈರುಳ್ಳಿಯ ವಿಷಯದಲ್ಲೂ ಒಂದು ಮಾತು. ಚಿಕ್ಕಬಳ್ಳಾಪುರ, ಕೋಲಾರ ಕಡೆ ಬೆಳೆಯುವ, 2015ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಂಗಳೂರು ಗುಲಾಬಿ ಈರುಳ್ಳಿ ಸಿಕ್ಕರೆ, ಅದರ ಘಾಟು ಹೆಚ್ಚಿರುವುದರಿಂದ ಹಸಿಯಾಗಿ ಮೇಲೆ ಉದುರಿಸದೆ ಬಾಣಲೆಗೆ ಹಾಕುವುದು ಮೇಲು. ಸುಲಿಯುವ ಕೆಲಸ ಮಾತ್ರ ಮೂರು ಪಟ್ಟು.

ಗಟ್ಟಿಯಾಗಿಸಲು ಮೈದಾ ಬದಲು ಹುರಿಗಡಲೆ ಏಕೆ?

ಹೊರದೇಶದ ಕ್ರಮದಲ್ಲಿ ಜಿಡ್ಡಿನಲ್ಲಿ ಮೈದಾ ಹುರಿದು ನೀರು ಬೆರೆಸುತ್ತಾರೆ. ಮೈದಾ ಚೆನ್ನಾಗಿ ಬೇಯದಿದ್ದರೆ ಅಂಟಿನ ರುಚಿ ಉಳಿಯುತ್ತದೆ. ಹುರಿಗಡಲೆ ಮೊದಲೇ ಹುರಿದದ್ದಾದ್ದರಿಂದ ಆ ಭಯವಿಲ್ಲ, ಹಾಕಿದ ಎರಡೇ ನಿಮಿಷದಲ್ಲಿ ರಸ ಹಿಡಿದುಕೊಳ್ಳುತ್ತದೆ. ಕೈಮಾ ಉಂಡೆಗೆ ನಮ್ಮ ಅಜ್ಜಿಯರು ಅದನ್ನೇ ಹಾಕುತ್ತಿದ್ದುದರಿಂದ ನಾಲಗೆಗೂ ಪರಿಚಿತ. ಒಂದೂವರೆ ಚಮಚದ ಗಡಿ ದಾಟಬೇಡಿ. ಮೂರು ಚಮಚ ಹಾಕಿದರೆ ಚಟ್ನಿಪುಡಿ ಕಲಸಿದಂತಾಗುತ್ತದೆ.

ತೆಂಗಿನಕಾಯಿ ಹಾಕಬಹುದೇ?

ತಿಪಟೂರಿನ ನಮ್ಮ ಅತ್ತಿಗೆಯವರ ಪ್ರಶ್ನೆ ಇದು. ಅವರ ಕಡೆ ತೆಂಗು ಬೀಳದ ಅಡುಗೆಯೇ ಇಲ್ಲ. ಹಸಿ ತೆಂಗಿನಕಾಯಿ ಅರೆದು ಹಾಕಿದರೆ ಮತ್ತೆ ನೀರು, ಮತ್ತೆ ಗೊಜ್ಜು, ಜೊತೆಗೆ ಬೇಗ ಹಳಸುತ್ತದೆ. ಒಣಕೊಬ್ಬರಿಯನ್ನು ತುರಿದು ಬೆಚ್ಚಗೆ ಹುರಿದು ಒಂದು ಚಮಚ ಹಾಕಬಹುದು. ಅವರು ಎರಡು ಹಾಕುತ್ತಾರೆ, ನಾನು ಸುಮ್ಮನಿರುತ್ತೇನೆ.

ಮನೆಯಲ್ಲಿ ಓವನ್ ಇಲ್ಲ. ಮೇಲೆ ಚೀಸ್ ಕರಗಿಸುವುದು ಹೇಗೆ?

ಕಾವಲಿ ಮತ್ತು ಎತ್ತರದ ಮುಚ್ಚಳ ಇದ್ದರೆ ಸಾಕು. ಸುಟ್ಟ ಬ್ರೆಡ್ಡಿನ ಮೇಲೆ ಬಿಸಿ ಕೈಮಾ ಹರಡಿ, ಮೇಲೆ ನಂದಿನಿ ಚೀಸಿನ ಒಂದು ಹಾಳೆ ಅಥವಾ ತುರಿ ಹಾಕಿ, ಸಣ್ಣ ಉರಿಯ ಕಾವಲಿಯ ಮೇಲಿಟ್ಟು ಮುಚ್ಚಿದರೆ ಎರಡು ನಿಮಿಷದಲ್ಲಿ ಕರಗುತ್ತದೆ. ಬೇಗ ಕರಗಲೆಂದು ಕಾವಲಿಗೆ ನೀರು ಚಿಮುಕಿಸುವ ಉಪಾಯ ಹೇಳುವವರಿದ್ದಾರೆ. ಆವಿ ಬ್ರೆಡ್ಡಿನ ಗರಿಯನ್ನು ಕೊಲ್ಲುತ್ತದೆ, ಆದ್ದರಿಂದ ನಾನು ಮಾಡುವುದಿಲ್ಲ. ಚೀಸಿನಲ್ಲೂ ಬೆಣ್ಣೆಯಲ್ಲೂ ಉಪ್ಪಿರುವುದನ್ನು ನೆನಪಿಟ್ಟು ಕೈಮಾಕ್ಕೆ ಉಪ್ಪು ಕಡಿಮೆ ಹಾಕಬೇಕು. ನನ್ನನ್ನು ಕೇಳಿದರೆ, ಈ ಖಾರಕ್ಕೆ ಚೀಸಿಗಿಂತ ಅರೆಬೆಂದ ಹಳದಿಯ ಒಂದು ಬುಲ್ಸ್‌ಐ ಮೊಟ್ಟೆ ಮೇಲೆ ಕೂತರೆ ಚೆನ್ನ.

ಸರಿಯಾಗಿ ಬೆಂದಿದೆ ಎಂದು ತಿಳಿಯುವುದು ಹೇಗೆ?

ಇಡೀ ಮಾಂಸದ ತುಂಡಿನಲ್ಲಿ ರೋಗಾಣುಗಳು ಸಾಮಾನ್ಯವಾಗಿ ಹೊರಮೈಯಲ್ಲಿರುತ್ತವೆ, ಹುರಿದಾಗ ಸಾಯುತ್ತವೆ. ಅರೆದಾಗ ಹೊರಗಿನದೆಲ್ಲ ಒಳಗೆ ಬೆರೆತುಹೋಗುವುದರಿಂದ ಕೈಮಾವನ್ನು ಅರೆಬೆಂದ ಸ್ಥಿತಿಯಲ್ಲಿ ತಿನ್ನಬಾರದು. ಅಮೆರಿಕದ ಕೃಷಿ ಇಲಾಖೆ ದನ, ಕುರಿಗಳ ಕೈಮಾಕ್ಕೆ 71 ಡಿಗ್ರಿ ಸೆಲ್ಸಿಯಸ್, ಕೋಳಿಗೆ 74 ಡಿಗ್ರಿ ಎಂದು ಒಳಗಿನ ಬಿಸಿಯನ್ನು ನಿಗದಿ ಮಾಡಿದೆ. ಮೇಲೆ ಹೇಳಿದ ಕ್ರಮದಲ್ಲಿ ಕೈಮಾ ಕಾಲು ಗಂಟೆ ಕುದಿಯುವುದರಿಂದ ಆ ಮಟ್ಟ ತಾನಾಗಿ ದಾಟುತ್ತದೆ. ಆದರೆ ಕೈಮಾವನ್ನು ದಪ್ಪ ಬಿಲ್ಲೆಯಾಗಿ ತಟ್ಟಿ ಕಾವಲಿಯಲ್ಲಿ ಬೇಯಿಸುವವರು ಬಣ್ಣವನ್ನು ನಂಬಬಾರದು, ಏಕೆಂದರೆ ಒಳಗೆ ಸಾಕಷ್ಟು ಬಿಸಿಯಾಗುವ ಮೊದಲೇ ಕೆಂಪು ಹೋಗಿ ಕಂದಾಗುವುದುಂಟು. ಅಂಥವರು ಅಡುಗೆಯ ಥರ್ಮಾಮೀಟರನ್ನು ಬಿಲ್ಲೆಯ ನಡುವಿಗೆ ಚುಚ್ಚಿ ನೋಡಬೇಕು.

ಮೊದಲೇ ಮಾಡಿ ಇಡಬಹುದೇ? ಎಷ್ಟು ದಿನ?

ಕೈಮಾವನ್ನು ಇಡಬಹುದು, ಜೋಡಿಸಿದ ಸ್ಯಾಂಡ್‌ವಿಚ್ಚನ್ನು ಇಡಲಾಗದು. ಹಸಿ ಕೈಮಾ ಫ್ರಿಜ್ಜಿನಲ್ಲಿ ಒಂದು, ಹೆಚ್ಚೆಂದರೆ ಎರಡು ದಿನ; ಬೇಯಿಸಿದ್ದು ಮೂರರಿಂದ ನಾಲ್ಕು ದಿನ. ಮಾಡಿದ ಮೇಲೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು, ಬಿಸಿಲು 32 ಡಿಗ್ರಿ ದಾಟುವ ಏಪ್ರಿಲ್ ಮೇ ತಿಂಗಳುಗಳಲ್ಲಿ ಒಂದು ಗಂಟೆಯೇ ಗಡಿ. ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಎಲ್ಲರ ಮನೆಯಲ್ಲೂ ಮಾಂಸ ಮಿಗುತ್ತದೆ, ಬಿಸಿಲೂ ಏರಿರುತ್ತದೆ, ಕೆಲವು ಊರುಗಳಲ್ಲಿ ಕರೆಂಟೂ ಕೈಕೊಡುತ್ತದೆ. ಆ ದಿನಗಳಲ್ಲಿ ಮಿಕ್ಕ ಕೈಮಾವನ್ನು ದೊಡ್ಡ ಪಾತ್ರೆಯಲ್ಲೇ ಬಿಡದೆ ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು. ಮತ್ತೆ ಬಿಸಿ ಮಾಡುವಾಗ ಎರಡು ಚಮಚ ನೀರು ಹಾಕಿ ಹಬೆಯೇಳುವಷ್ಟು ಕಾಯಿಸಿ, ಗೆರೆಯ ಪರೀಕ್ಷೆ ಇನ್ನೊಮ್ಮೆ ಮಾಡಿ. ಬ್ರೆಡ್ಡನ್ನು ಮಾತ್ರ ಫ್ರಿಜ್ಜಿನಲ್ಲಿಡಬೇಡಿ. ಅಲ್ಲಿ ಅದು ಹೊರಗಿಗಿಂತ ಬೇಗ ಬಿರುಸಾಗುತ್ತದೆ.

ಮಾಂಸ ತಿನ್ನದವರು ಮನೆಯಲ್ಲಿದ್ದರೆ?

ನೆನೆಸಿ ಗಟ್ಟಿಯಾಗಿ ಹಿಂಡಿದ ಸೋಯಾ ಗ್ರಾನ್ಯೂಲ್ಸ್‌ನಲ್ಲಿ ಅಥವಾ ಸಣ್ಣಗೆ ಕೊಚ್ಚಿದ ಅಣಬೆಯಲ್ಲಿ ಇದೇ ಮಸಾಲೆ ಒಪ್ಪುತ್ತದೆ. ಬಾಣಲೆ, ಸಟ್ಟುಗ, ಕಾವಲಿ ಬೇರೆಯವೇ ಇರಲಿ. ಅವರದ್ದನ್ನು ಮೊದಲು ಮಾಡಿ ಬಡಿಸಿಬಿಡುವುದು ಸಂಕೋಚವಿಲ್ಲದ ದಾರಿ. ಅಣಬೆ ಕೈಮಾಕ್ಕಿಂತ ಹೆಚ್ಚು ನೀರು ಬಿಡುತ್ತದೆ ಎಂಬುದು ಗಮನದಲ್ಲಿರಲಿ.

ಕೈಯಲ್ಲಿ ತಿನ್ನಬೇಕೇ, ಫೋರ್ಕಿನಲ್ಲೇ?

ಹೊರದೇಶದಲ್ಲಿ ಚಾಕು ಫೋರ್ಕು ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಮೊದಲೇ ಹೋಳನ್ನು ಅಡ್ಡಕ್ಕೆ ನಾಲ್ಕು ಪಟ್ಟಿಗಳಾಗಿ ಕೊಯ್ದು, ಪಟ್ಟಿಗಳನ್ನು ಒತ್ತೊತ್ತಾಗಿಯೇ ಇಟ್ಟು ಮೇಲೆ ಕೈಮಾ ಹರಡುತ್ತೇವೆ. ಒಂದೊಂದು ಪಟ್ಟಿ ಎರಡು ತುತ್ತಿಗೆ ಸರಿಹೋಗುತ್ತದೆ, ಮಕ್ಕಳ ಅಂಗಿಯ ಮೇಲೂ ಬೀಳುವುದಿಲ್ಲ. ಪಕ್ಕಕ್ಕೆ ಉಪ್ಪು ನಿಂಬೆರಸ ಹಾಕಿದ ಸೌತೆಕಾಯಿ ಹೋಳು ಇದ್ದರೆ ಸಾಕು. ಮೊಸರುಬಜ್ಜಿ ಬೇಕೆನ್ನುವವರಿಗೆ ಅದನ್ನು ಬೇರೆ ಬಟ್ಟಲಿನಲ್ಲಿ ಕೊಡಿ, ತಟ್ಟೆಯಲ್ಲಿ ಹಾಕಿದರೆ ಅದು ಹರಿದು ಬ್ರೆಡ್ಡಿನ ಬುಡಕ್ಕೇ ಹೋಗುತ್ತದೆ.